ಗುಡ್ಡಕ್ಕೆ ಎಳೆದ ಲೈನು

"ಓರೆ ಮಾಡಿ, ಓರೆ ಮಾಡಿ! ಕಾಲು ತಾಗ್ತಿದೆ!"

"ಯಾರ ಕಾಲು?"

"ಮೇಜಿಂದು ಕಣ್ರೀ, ಮೇಜಿಂದು!"

ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಮುಂಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಇಬ್ಬರು ತಳ್ಳುತ್ತಿದ್ದರು, ಹೊರಗಿನಿಂದ ಒಬ್ಬನೇ ಎಳೆಯುತ್ತಿದ್ದ. ಬೀದಿಯ ತಿರುವಿನಿಂದ ನಡೆದು ಬಂದ ಗುಡ್ಡಪ್ಪ ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಯಾರೂ ಕರೆಯದಿದ್ದರೂ ಇನ್ನೊಂದು ಮೂಲೆಗೆ ಕೈ ಹಾಕಿದ. ಮೇಜು ಒಮ್ಮೆ ನರಳಿ ಹೊರಗೆ ಬಂತು. ಅದು ಇಷ್ಟು ವರ್ಷ ನಿಂತಿದ್ದ ಜಾಗದಲ್ಲಿ ಈಗ ತೀರಿಕೊಂಡ ಮನೆಯಾಕೆಯನ್ನು ಮಲಗಿಸಬೇಕಿತ್ತು.

ಬೆವರು ಒರೆಸಿಕೊಳ್ಳುತ್ತಾ ಪಕ್ಕದ ಮನೆಯವನು ಕೇಳಿದ, "ತಾವು ಯಾರ ಕಡೆಯೋರು?"

"ನಾನು ರೇಡಿಯೋದವನು."

"ಓ, ಆಫೀಸಿನೋರು. ಆಫೀಸಿಂದ ದೊಡ್ಡ ಹೂವಿನ ಚಕ್ರ ಬರುತ್ತೆ ಅಂದ್ರಲ್ಲ, ಇದೇನಾ?" ಅವನು ಕಿಟಕಿಯ ಮೇಲಿನ ಪೊಟ್ಟಣವನ್ನು ಅನುಮಾನದಿಂದ ನೋಡಿದ.

"ಆ ಆಫೀಸಲ್ಲ. ನಾನು ಟ್ರಾನ್ಸ್‌ಮಿಟರ್ ಕಡೆ."

ಪಕ್ಕದ ಮನೆಯವನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಕುರ್ಚಿ ತರಲು ಹೋದ.

ಮನೆಯಿಂದ ಹೊರಡುವ ಮುಂಚೆ ಹೆಂಡತಿ ಗುಡ್ಡಪ್ಪನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದಳು. "ನೀನೂ ಬಾ," ಅಂದಿದ್ದ. "ಬೇಡ. ನಾನು ಪಕ್ಕದಲ್ಲಿದ್ರೆ ನಿಮಗೆ ಅಳೋಕೆ ಆಗಲ್ಲ," ಅಂದಿದ್ದಳು, ಕಾಲರು ಸರಿಮಾಡುತ್ತಾ. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೆ.

ಒಳಗೆ ಹೋಗಿ ನಿಂತ. ಆಕೆಯನ್ನು ಒಳಕೋಣೆಯಿಂದ ತಂದು ಮಲಗಿಸಿದರು. ತಿಳಿಹಸಿರು ಸೀರೆ, ಬಾಚಿದ ಬಿಳಿಕೂದಲು. ಗುಡ್ಡಪ್ಪ ಬಗ್ಗಿ ನೋಡಿದ. ಎದೆ ಒಡೆಯುತ್ತದೆ ಅಂದುಕೊಂಡಿದ್ದವನಿಗೆ ಏನೂ ಆಗಲಿಲ್ಲ. ಅದೇ ಅವನಿಗೆ ಗಾಬರಿ. ಆಕೆಯ ಮುಖವನ್ನು ಅವನು ಬದುಕಿನಲ್ಲಿ ಕಂಡದ್ದು ಬೆರಳೆಣಿಕೆಯಷ್ಟು ಸಲ. ಬಾಯಿ ಮುಚ್ಚಿಕೊಂಡಿರುವ ಆಕೆಯ ಪರಿಚಯವೇ ಅವನಿಗಿರಲಿಲ್ಲ.

ಆಕೆಯ ಗಂಡ ಮೂಲೆಯಲ್ಲಿ ನಿಂತಿದ್ದ. ಸಣಕಲು ಟೈಲರ್. ಎದ್ದ ಕೂಡಲೇ ಅಭ್ಯಾಸಬಲದಿಂದ ಹಾಕಿಕೊಂಡ ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ತೆಗೆಯಿರಿ ಎಂದು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಬಂದವರನ್ನೆಲ್ಲ ಕೇಳುವಂತೆ ಗುಡ್ಡಪ್ಪನನ್ನೂ ಕೇಳಿದ, "ಬಸ್ಸು ಬೇಗ ಸಿಕ್ತಾ? ಬಿಸಿಲಲ್ಲಿ ನಡೆದು ಬಂದ್ರಾ?"

"ಸಿಕ್ತು. ತೊಂದ್ರೆ ಏನಿಲ್ಲ."

ಟೈಲರ್ ತಲೆಯೆತ್ತಿದ. ಬತ್ತಿದ ಮುಖದಲ್ಲಿ ಏನೋ ಅಲುಗಿತು. "ನೀವು... ಗುಡ್ಡದೋರಲ್ವಾ?"

"ಹೌದು. ನಿಮಗೆ ಹೇಗೆ..."

"'ತೊಂದ್ರೆ ಏನಿಲ್ಲ' ಅಂದ್ರಲ್ಲ. ಇವಳು ಮನೇಲಿ ಥೇಟ್ ಹಾಗೇ ಹೇಳಿ ತೋರಿಸ್ತಿದ್ಲು. ಹಾಲು ಉಕ್ಕಿ ಒಲೆ ಮೇಲೆ ಚೆಲ್ಲಿದ್ರೂ ಗಂಟಲು ದಪ್ಪ ಮಾಡ್ಕೊಂಡು, 'ತೊಂದ್ರೆ ಏನಿಲ್ಲ' ಅಂತ." ಟೈಲರ್ ನಗಲು ಹೋದ, ಆ ನಗು ಅರ್ಧದಲ್ಲೇ ಬೇರೇನೋ ಆಯಿತು. ಅವನು ಗುಡ್ಡಪ್ಪನ ಕೈ ಹಿಡಿದುಕೊಂಡ. "ಬಂದ್ರಲ್ಲ. ಒಳ್ಳೇದಾಯ್ತು. ಕೂತ್ಕೊಳ್ಳಿ."

ಆಗ ಗುಡ್ಡಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

* * *

ರೇಡಿಯೋ ನಿಲಯವೆಂದರೆ ಜನ ಒಂದೇ ಕಟ್ಟಡ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಮಾತಾಡುವವರು, ಹಾಡುವವರು, ಸುದ್ದಿ ಬರೆಯುವವರು ಪೇಟೆಯ ನಡುವೆ ಸ್ಟುಡಿಯೋದಲ್ಲಿ ಇರುತ್ತಾರೆ. ಆ ಮಾತನ್ನು ಆಕಾಶಕ್ಕೆ ಎಸೆಯುವ ಯಂತ್ರ ಊರಾಚೆ ಎಲ್ಲೋ ಇರುತ್ತದೆ. ಈ ಊರಿನಲ್ಲಿ ಅದು ಗುಡ್ಡದ ಮೇಲಿತ್ತು, ಕುರಿ ಮೇಯಿಸುವವರೂ ಹತ್ತಲು ಹಿಂಜರಿಯುವಂಥ ಗುಡ್ಡ. ಸ್ಟುಡಿಯೋದವರು ಕಾರ್ಯಕ್ರಮ ವಿಭಾಗ, ಗುಡ್ಡದವರು ಎಂಜಿನಿಯರಿಂಗ್ ವಿಭಾಗ. ಅವರ ಸಂಬಳದ ಪಟ್ಟಿ ಬೇರೆ, ಇವರದು ಬೇರೆ. ಅವರ ಮೇಲಧಿಕಾರಿ ಬೇರೆ, ಇವರ ಮೇಲಧಿಕಾರಿ ಬೇರೆ. ಇಬ್ಬರೂ ರಾಜಧಾನಿಯ ಮುಖ್ಯ ಕಚೇರಿಯಲ್ಲಿ ಒಂದೇ ಮಹಡಿಯಲ್ಲಿ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪೇಟೆಗೂ ಗುಡ್ಡಕ್ಕೂ ನಡುವೆ ಇದ್ದದ್ದು ಒಂದು ಲೈನು ಮಾತ್ರ, ಕಂಬದಿಂದ ಕಂಬಕ್ಕೆ ಎಳೆದ ತಂತಿ.

ದಿನಾ ಬೆಳಗ್ಗೆ ಪ್ರಸಾರ ಶುರುವಾಗುವ ಮುಂಚೆ ಆ ಲೈನು ಸರಿಯಿದೆಯೇ ಎಂದು ಪರೀಕ್ಷೆ ಮಾಡಬೇಕಿತ್ತು. ಉದ್ಘೋಷಕಿ ಸ್ಟುಡಿಯೋದಿಂದ "ಗುಡ್ಡ, ಕೇಳಿಸ್ತಿದೆಯಾ?" ಅನ್ನಬೇಕು. ಮೇಲಿರುವವನು "ಕೇಳಿಸ್ತಿದೆ, ಪೇಟೆ" ಅನ್ನಬೇಕು. ನಿಯಮದಲ್ಲಿ ಇದ್ದದ್ದು ಇಷ್ಟೇ.

ಆಕೆ ಸೇರಿದ ಮೊದಲ ಬೆಳಗ್ಗೆ ಹೇಳಿದ್ದು ಹೀಗೆ: "ಗುಡ್ಡ, ಕೇಳಿಸ್ತಿದೆಯಾ? ಕೇಳಿಸದಿದ್ರೆ ದಯವಿಟ್ಟು ಕೇಳಿಸ್ತಿಲ್ಲ ಅಂತ ಹೇಳ್ಬಿಡಿ, ನಾನು ಮನೆಗೆ ಓಡಿ ಹೋಗ್ತೀನಿ. ಕೈ ನಡುಗ್ತಿದೆ."

ಗುಡ್ಡಪ್ಪನಿಗೂ ಕೆಲಸ ಹೊಸದು. ಏನು ಹೇಳಬೇಕೋ ತೋಚದೆ, "ಕೈ ನಡುಗೋದು ಇಲ್ಲಿ ಕೇಳಿಸ್ತಿಲ್ಲ. ತೊಂದ್ರೆ ಏನಿಲ್ಲ," ಅಂದ.

ಲೈನಿನಲ್ಲಿ ಆಕೆ ನಕ್ಕಳು. ಆ ನಗು ತುದಿಯಲ್ಲಿ ಇನ್ನೂ ಉಳಿದಿರುವಾಗಲೇ ಮೈಕ್ ತೆರೆದುಕೊಂಡಿತು, ಊರೆಲ್ಲ ಮೊದಲ ಸಲ ಆಕೆಯ ದನಿ ಕೇಳಿತು. ರೇಡಿಯೋ ಅಕ್ಕ ಎಂದು ಊರು ಆಮೇಲೆ ಕರೆದದ್ದು ಆ ದನಿಯನ್ನೇ. ಅದರಲ್ಲಿದ್ದ ನಗುವನ್ನು ಊರು ಆಕೆಯ ಸ್ವಭಾವ ಅಂದುಕೊಂಡಿತು. ಅದು ಹುಟ್ಟಿದ್ದು ಎಲ್ಲಿ ಎಂದು ಗುಡ್ಡದ ಮೇಲಿದ್ದ ಒಬ್ಬನಿಗೇ ಗೊತ್ತಿತ್ತು.

* * *

ಹೂವಿನ ಚಕ್ರ ಬಂತು. ಈಗಿನ ನಿಲಯಾಧಿಕಾರಿ, ಕಪ್ಪು ಚೌಕಟ್ಟಿನ ಕನ್ನಡಕದ ಹೆಂಗಸು, ತಾನೇ ಹೊತ್ತು ತಂದಿದ್ದಳು. ಪಟ್ಟಿಯ ಮೇಲೆ "ಸಂಸ್ಥೆಯ ಪರವಾಗಿ" ಎಂದು ಅಚ್ಚಾಗಿತ್ತು. ಸತ್ತವರು ಯಾರೇ ಆದರೂ ಮುಖ್ಯ ಕಚೇರಿ ಕಳಿಸುವುದು ಅದೇ ಪಟ್ಟಿ. ಅವಳ ಹಿಂದೆಯೇ ನಿವೃತ್ತ ಹೆಡ್ ಕ್ಲರ್ಕ್ ಊರುಗೋಲು ಊರಿಕೊಂಡು ಬಂದ. ಗುಡ್ಡಪ್ಪನನ್ನು ನೋಡಿ, "ಏನಯ್ಯಾ, ಕೊನೆಗೂ ಗುಡ್ಡ ಇಳಿದೆಯಾ?" ಎಂದು ಭುಜಕ್ಕೆ ತಟ್ಟಿ ಪಕ್ಕದಲ್ಲಿ ಕೂತ.

ಆಕೆಯ ಮಗಳು ನಿಲಯಾಧಿಕಾರಿಯ ಹತ್ತಿರ ಬಂದಳು. ಶಾಲೆಯಲ್ಲಿ ಲೆಕ್ಕದ ಟೀಚರ್. ಅತ್ತು ಕೆಂಪಾದ ಕಣ್ಣುಗಳಿಂದಲೂ ನೇರ ನೋಡಿ ಮಾತಾಡುವವಳು.

"ಮೇಡಂ, ಒಂದು ಕೇಳ್ತೀನಿ. ಅಮ್ಮನ ದನಿ ಇದೆಯಾ ನಿಮ್ಮಲ್ಲಿ? ಯಾವುದಾದ್ರೂ ಒಂದು ಕಾರ್ಯಕ್ರಮದ್ದು. ನಮ್ಮಲ್ಲಿ ಒಂದೂ ಇಲ್ಲ. ದಿನಾ ಬರ್ತಿತ್ತಲ್ಲ, ಹಿಡಿದಿಟ್ಕೊಳ್ಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ."

ನಿಲಯಾಧಿಕಾರಿ ಪೆಚ್ಚಾದಳು. "ನಿನ್ನೆ ಸುದ್ದಿ ಬಂದಾಗ ನಾನೇ ಹುಡುಕಿದೆ. ಸಿಗ್ಲಿಲ್ಲ. ಸಂಗ್ರಹ ಎಲ್ಲ ರಾಜಧಾನೀಲಿದೆ, ಅಲ್ಲಿ ಇರೋದು ದೊಡ್ಡೋರ ಭಾಷಣ, ದೊಡ್ಡ ಸಂಗೀತಗಾರರದ್ದು ಮಾತ್ರ."

"ಅವಳು ಇಷ್ಟು ವರ್ಷ ಮಾತಾಡಿದ್ದು?"

ಉತ್ತರ ಕೊಟ್ಟದ್ದು ಹೆಡ್ ಕ್ಲರ್ಕ್. "ಟೇಪು ಕಡಿಮೆ ಇರ್ತಿತ್ತಮ್ಮಾ. ಮುಖ್ಯ ಕಚೇರಿ ಹಂಚಿಕೆ ಮಾಡೋವಾಗ ರಾಜಧಾನಿಗೆ ಹೊರೆಗಟ್ಲೆ, ನಮ್ಮಂಥ ಸಣ್ಣ ನಿಲಯಕ್ಕೆ ಬೊಗಸೆಯಷ್ಟು. ಇವತ್ತಿನ ಕಾರ್ಯಕ್ರಮ ಆಯ್ತಾ, ಅದನ್ನೇ ಅಳಿಸಿ ನಾಳೇದು ಅದರ ಮೇಲೆ. ನಿಮ್ಮಮ್ಮನ ಮೇಲೆ ನಿಮ್ಮಮ್ಮನೇ ಮಾತಾಡಿದ್ಲು, ಅಂದ್ಕೋ."

ಮಗಳು ಹೋಗಿ ಅಮ್ಮನ ತಲೆಯ ಹತ್ತಿರ ಕೂತು ಹಣೆಯ ಮೇಲಿನ ಕೂದಲೆಳೆಯೊಂದನ್ನು ಹಿಂದಕ್ಕೆ ಸರಿಸಿದಳು.

ಗುಡ್ಡಪ್ಪ ತಲೆ ತಗ್ಗಿಸಿದ. ಅವನ ಹತ್ತಿರವೂ ಇರಲಿಲ್ಲ. ದಿನವೂ ಆ ದನಿ ಅವನ ಕೈ ಕೆಳಗೇ ಹಾದು ಹೋಗಿತ್ತು. ದಾಟಿಸಿ ಬಿಡುವುದು ಅವನ ಕೆಲಸ, ಇಟ್ಟುಕೊಳ್ಳುವುದಲ್ಲ.

ಹೊರಗೆ ಚಪ್ಪರದ ಕೆಳಗೆ ಬೀದಿಯ ಕ್ಷೌರಿಕ ಯಾರಿಗೋ ಹೇಳುತ್ತಿದ್ದ, "ಆಗ ಲೈಸೆನ್ಸಿತ್ತು ಸ್ವಾಮಿ. ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿದ್ರೇನೇ ರೇಡಿಯೋ ಇಟ್ಕೋಬಹುದಿತ್ತು. ನಮ್ಮ ದುಡ್ಡು ಅಂತ ಒಂದು ಹಕ್ಕಿರ್ತಿತ್ತು. ನಾನೇ ಒಂದ್ಸಲ ಗೇಟಿನ ಹತ್ರ ಹೋಗಿ ಜಗಳ ಆಡಿದೀನಿ."

* * *

ಜಗಳಕ್ಕೆ ಬರುವವರ ಕತೆಯೆಲ್ಲ ಮರುದಿನ ಬೆಳಗ್ಗೆ ಲೈನಿನ ಮೇಲೆ ಗುಡ್ಡ ಹತ್ತುತ್ತಿತ್ತು.

"ನಿನ್ನೆ ಒಬ್ಬರು ಅಜ್ಜಿ ಬಂದಿದ್ರು ಗುಡ್ಡ, ಲೈಸೆನ್ಸಿನ ರಸೀದಿ ಹಿಡ್ಕೊಂಡು. ಕಾವಲುಗಾರನ್ನ ತಳ್ಳಿ ಸೀದಾ ಸ್ಟುಡಿಯೋ ಬಾಗಿಲಿಗೇ. 'ಏ ಹುಡುಗೀ, ನೀನು ಉಟ್ಟಿರೋ ಸೀರೇಲಿ ನನ್ನ ದುಡ್ಡಿದೆ. ಮಗ ಹಡಗಿನ ಕೆಲಸಕ್ಕೆ ಹೋದೋನು ಕಾಗದ ಹಾಕಿಲ್ಲ, ರೇಡಿಯೋದಲ್ಲಿ ಹೇಳು' ಅಂತಾರೆ. ನಮ್ಮ ರೇಡಿಯೋ ಸಮುದ್ರದವರೆಗೂ ಹೋಗಲ್ಲಜ್ಜಿ ಅಂದೆ. 'ಹಾಗಾದ್ರೆ ದುಡ್ಡು ವಾಪಸ್ ಕೊಡು' ಅಂದ್ರು!"

"ಏನು ಮಾಡಿದ್ರಿ?"

"ಏನು ಮಾಡೋದು? ಹಾಡು ಕೇಳೋ ಕಾರ್ಯಕ್ರಮದಲ್ಲಿ ಅವರ ಮಗನ ಹೆಸರಲ್ಲಿ ಒಂದು ಹಾಡು ಹಾಕಿದೆ. ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಯಾರಪ್ಪ ಇವನು ಪುಣ್ಯವಂತ ಅಂದ್ಕೊಂಡೆ."

ಅಜ್ಜಿ ಪ್ರತಿ ವಾರ ಬಂದಳು. ಬೈದಳು, ನಿಲಯದ ಕಾಫಿ ಕುಡಿದಳು, ಹೋದಳು. ಹೀಗೆ ಬರುವವರು ಬಹಳ ಮಂದಿ. ಸುದ್ದಿಯಲ್ಲಿ ತಮ್ಮ ಬೀದಿಯ ನಲ್ಲಿ ವಿಷಯ ಬರಲಿಲ್ಲವೆಂದು ಒಬ್ಬ, ನಾಟಕದಲ್ಲಿ ಸೊಸೆಯನ್ನು ಸಾಯಿಸಿದ್ದು ಯಾಕೆಂದು ಇನ್ನೊಬ್ಬಳು.

ಆಮೇಲೆ ಸರ್ಕಾರ ಲೈಸೆನ್ಸು ತೆಗೆದುಹಾಕಿತು. ಜನ ಖುಷಿಪಟ್ಟರು. ಇನ್ನು ಮೇಲೆ ದುಡ್ಡು ಹಣಕಾಸು ಇಲಾಖೆಯಿಂದ ಮುಖ್ಯ ಕಚೇರಿಗೆ, ಮುಖ್ಯ ಕಚೇರಿಯಿಂದ ನಿಲಯಗಳಿಗೆ ಎಂದಾಯಿತು. ಇಲಾಖೆ ಕೈ ಬಿಗಿ ಮಾಡಿದಾಗಲೆಲ್ಲ ಮೇಲಿನವರು ಕೆಳಗಿನವರ ಹೊತ್ತನ್ನು ಕತ್ತರಿಸಿದರು. ಮೊದಲು ನಾಟಕ ಹೋಯಿತು. ಮಕ್ಕಳ ಕಾರ್ಯಕ್ರಮ ಹೋಯಿತು. ಹಾಡು ಕೇಳುವವರ ಹೊತ್ತು ಹೋಯಿತು. ಅದರ ಬದಲಿಗೆ ರಾಜಧಾನಿಯ ಕಾರ್ಯಕ್ರಮವನ್ನೇ ಹಿಡಿದು ಬಿಡುವುದು, ಅದಕ್ಕೆ ಖರ್ಚಿಲ್ಲ.

ಒಂದು ಬೆಳಗ್ಗೆ ಆಕೆ ಅಂದಳು, "ಗುಡ್ಡ, ಗೇಟಿನ ಹತ್ರ ಈಗ ಯಾರೂ ಬರಲ್ಲ ಗೊತ್ತಾ? ಬೈಯೋಕೂ ಬರಲ್ಲ. ಲೈಸೆನ್ಸು ಹೋಯ್ತು, ಬೈಯೋರೂ ಹೋದ್ರು. ಯಾರಾದ್ರೂ ಬಂದು 'ನನ್ನ ದುಡ್ಡು' ಅಂದ್ರೆ ಸಾಕು ಅನಿಸುತ್ತೆ."

"ನಾನು ಬಂದು ಬೈಲಾ?"

"ಬನ್ನಿ," ಅಂದಳು ಆಕೆ. ನಗಲಿಲ್ಲ. "ಬನ್ನಿ ಒಂದಿನ."

* * *

ಮಧ್ಯಾಹ್ನಕ್ಕೆ ಮುಂಚೆ ಎತ್ತಿದರು. ವ್ಯಾನಿನಲ್ಲಿ ಆಕೆಯ ಜೊತೆ ಟೈಲರ್, ಮಗಳು. ಹಿಂದಿನ ಬಾಡಿಗೆ ಗಾಡಿಯಲ್ಲಿ ಹೆಡ್ ಕ್ಲರ್ಕ್, ಗುಡ್ಡಪ್ಪ, ಕ್ಷೌರಿಕ. ಗಾಡಿ ಕೆಳಗಿನ ಬೀದಿಗೆ ತಿರುಗಿದಾಗ ಅಂಗಡಿಗಳವರು ಕಟ್ಟೆಯಿಂದಿಳಿದು ನಿಂತಿದ್ದರು. ಒಬ್ಬ ಮುದುಕ ತಲೆಯ ಮೇಲಿನ ಟವೆಲು ತೆಗೆದು ಎದೆಗೆ ಹಿಡಿದುಕೊಂಡ.

ಕ್ಷೌರಿಕ ಮೆಲ್ಲಗೆ ಹೇಳಿದ, "ಇವರೆಲ್ಲ ಹೊಳೆ ಬಂದಾಗ ಉಳಿದೋರು."

* * *

ಹೊಳೆ ಬಂದದ್ದು ಲೈಸೆನ್ಸು ಇನ್ನೂ ಇದ್ದ ಕಾಲದಲ್ಲಿ. ಆ ದಿನ ಸಂಸ್ಥೆಯ ವಾರ್ಷಿಕೋತ್ಸವ. ದೇಶದ ಎಲ್ಲ ನಿಲಯಗಳೂ ಮಂಡಳಿಯ ಅಧ್ಯಕ್ಷರ ಭಾಷಣವನ್ನು ಮರುಪ್ರಸಾರ ಮಾಡಬೇಕು, ಮೇಲಿನ ಅನುಮತಿಯಿಲ್ಲದೆ ನಡುವೆ ಕಡಿಯುವಂತಿಲ್ಲ ಎಂದು ಆದೇಶ ಬಂದಿತ್ತು. ಗುಡ್ಡದ ಮೇಲೆ ಗುಡ್ಡಪ್ಪ ರಾಜಧಾನಿಯ ಪ್ರಸಾರ ಹಿಡಿದು ಊರಿಗೆ ಬಿಟ್ಟು, ಕಿಟಕಿಯಲ್ಲಿ ಮಳೆ ನೋಡುತ್ತಾ ಕೂತಿದ್ದ. ಪೇಟೆಯ ಲೈನು ಸದ್ದು ಮಾಡಿತು.

"ಗುಡ್ಡ, ಹೊಳೆ ಸೇತುವೆ ಮೇಲೆ ಬಂದಿದೆ. ಪೊಲೀಸಿನೋರು ಈಗಷ್ಟೇ ಬಂದು ಹೇಳಿ ಹೋದ್ರು. ಮೇಲಿನ ಕೆರೆ ಒಡೀತಂತೆ. ಕೆಳಗಿನ ಬೀದಿಯೋರಿಗೆ ಗೊತ್ತಿಲ್ಲ, ಮಳೆ ಅಂತ ಬಾಗಿಲು ಹಾಕ್ಕೊಂಡು ಮಲಗಿದಾರೆ."

"ರಾಜಧಾನಿಗೆ ಫೋನ್ ಮಾಡಿದ್ರಾ?"

"ಫೋನು ಸತ್ತಿದೆ."

"ನಿಮ್ಮ ನಿರ್ದೇಶಕರು?"

"ರಾಜಧಾನಿಗೆ ಮೀಟಿಂಗಿಗೆ ಹೋಗಿದಾರೆ. ತುರ್ತು ಪರಿಸ್ಥಿತೀಲಿ ಪ್ರಸಾರ ಹೇಗೆ ಮಾಡ್ಬೇಕು ಅಂತ ಮೀಟಿಂಗು."

ಸ್ಪೀಕರಿನಲ್ಲಿ ಅಧ್ಯಕ್ಷರು ಲೈಸೆನ್ಸಿನ ಪ್ರತಿ ಕಾಸೂ ಎಲ್ಲಿಗೆ ಹೋಗುತ್ತದೆಂದು ವಿವರಿಸುತ್ತಿದ್ದರು. ಆಕೆ ಕ್ಯಾಶುವಲ್ ಉದ್ಘೋಷಕಿ, ತಿಂಗಳಿಗೊಮ್ಮೆ ಒಪ್ಪಂದ ಬರೆದುಕೊಡುವ ಕೆಲಸ. ಬೇಡವೆಂದರೆ ಅಂದಿಗೆ ಮುಗಿಯಿತು. ಗುಡ್ಡಪ್ಪ ಕಾಯಂ ನೌಕರ. ಅದಕ್ಕೂ ಮಿಗಿಲಾಗಿ ಅವನ ಜೇಬಿನಲ್ಲಿ ವಾರದ ಹಿಂದೆ ಬಂದ ವರ್ಗಾವಣೆಯ ಆದೇಶವಿತ್ತು. ಪೇಟೆಯ ಸ್ಟುಡಿಯೋದ ಕಂಟ್ರೋಲ್ ರೂಮಿಗೆ. ಆ ರೂಮಿಗೂ ಉದ್ಘೋಷಕಿಯ ಕೋಣೆಗೂ ನಡುವೆ ಇರುವುದು ಒಂದು ಗಾಜು. ಅವನೇ ಬೇಡಿಕೊಂಡು ಪಡೆದ ವರ್ಗಾವಣೆ. ಆಕೆಗೆ ಇನ್ನೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಗಾಜಿನಾಚೆಯಿಂದಲೇ "ಕೇಳಿಸ್ತಿದೆ, ಪೇಟೆ" ಅನ್ನಬೇಕೆಂದುಕೊಂಡಿದ್ದ.

"ಮೈಕ್ ಮುಂದೆ ಕೂತ್ಕೊಳ್ಳಿ," ಅಂದ.

"ಗುಡ್ಡ, ನಿಮ್ಮ ಕೆಲಸ..."

"ಕೂತ್ಕೊಳ್ಳಿ ಅಂದೆ."

ಸ್ಪೀಕರಿನಲ್ಲಿ ಅಧ್ಯಕ್ಷರು ದನಿ ಏರಿಸಿ, "ಹಾಗಾದರೆ ಈ ಸಂಸ್ಥೆಯ ನಿಜವಾದ ಯಜಮಾನರು ಯಾರು?" ಎಂದು ಕೇಳಿದರು. ಗುಡ್ಡಪ್ಪ ಸ್ವಿಚ್ಚು ತಿರುಗಿಸಿದ.

"ಕೆಳಗಿನ ಬೀದಿಯವರೇ, ಎದ್ದೇಳಿ," ಅಂದಳು ಆಕೆ.

ಕತ್ತಲಾಗುವವರೆಗೂ ಆಕೆ ಮಾತಾಡುತ್ತಲೇ ಇದ್ದಳು. ಯಾವ ಬೀದಿ ಯಾವ ದಾರಿಯಿಂದ ಹೋಗಬೇಕು, ಯಾವ ಶಾಲೆಯ ಬಾಗಿಲು ತೆರೆದಿದೆ, ಯಾರ ಮಗು ಯಾರ ಹತ್ತಿರ ಸಿಕ್ಕಿದೆ. ಗಂಟಲು ಒಡೆದು ಹೋಗಿತ್ತು. ನಡುವೆ ಒಮ್ಮೆ ಮೈಕ್ ಮುಚ್ಚಿ, "ಗುಡ್ಡ, ಇದೀರಾ?" ಅಂದಳು. "ಇದೀನಿ," ಅಂದ. ಅಷ್ಟು ಸಾಕಾಯಿತು ಆಕೆಗೆ.

ಮುಂದಿನ ತಿಂಗಳು ಆಕೆಯ ಒಪ್ಪಂದ ಬರಲಿಲ್ಲ. ವರ್ಷವೊಂದು ಕಳೆಯುವವರೆಗೂ ಬೆಳಗಿನ ಲೈನಿನಲ್ಲಿ ಬೇರೆ ಬೇರೆ ದನಿಗಳು ಗುಡ್ಡವನ್ನು ಕರೆದವು. ಗುಡ್ಡಪ್ಪ ನಿಯಮದಲ್ಲಿದ್ದಷ್ಟೇ ಉತ್ತರ ಕೊಟ್ಟ. ಅವನ ವರ್ಗಾವಣೆ ರದ್ದಾಗಿತ್ತು.

* * *

"ಆ ವಿಚಾರಣೆ ನೆನಪಿದೆಯೇನಯ್ಯಾ?" ಗಾಡಿಯಲ್ಲಿ ಹೆಡ್ ಕ್ಲರ್ಕ್ ಕೇಳಿದ. "ಮುಖ್ಯ ಕಚೇರಿಯಿಂದ ಇಬ್ಬರು ಬಂದಿದ್ರು. ಎಂಜಿನಿಯರಿಂಗಿನೋನು ನಿನ್ನ ವಿಚಾರಣೆಗೆ, ಕಾರ್ಯಕ್ರಮದೋನು ಆಕೆಯ ವಿಚಾರಣೆಗೆ. ಒಂದೇ ರೈಲಲ್ಲಿ ಬಂದು ಬೇರೆ ಬೇರೆ ಹೋಟೆಲಲ್ಲಿ ಇಳ್ಕೊಂಡ್ರು. ಟೈಪ್ ಮಾಡಿದ್ದು ಮಾತ್ರ ಎರಡನ್ನೂ ನಾನೇ."

ಗುಡ್ಡಪ್ಪ ಅವನತ್ತ ತಿರುಗಿದ.

"ನೀನು ಏನಂದೆ? 'ನಾನೇ ಸ್ವಿಚ್ಚು ತಿರುಗಿಸಿದೆ. ಪ್ರಸಾರ ಆಗ್ತಿದೆ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ, ತಾಲೀಮು ಅಂದ್ಕೊಂಡು ಮಾತಾಡಿದ್ರು' ಅಂದೆ. ಮೂರು ಗಂಟೆ ತಾಲೀಮು! ಬರೆದುಕೊಳ್ಳೋನಿಗೂ ನಗು."

"ಬೇರೇನೂ ಹೊಳೀಲಿಲ್ಲ," ಅಂದ ಗುಡ್ಡಪ್ಪ.

"ಆಕೆ ಏನಂದ್ಲು ಗೊತ್ತಾ?"

"ಇಲ್ಲ."

"'ರಾಜಧಾನಿಯಿಂದ ಅನುಮತಿ ಬಂದಿದೆ ಅಂತ ಗುಡ್ಡದೋರಿಗೆ ನಾನೇ ಸುಳ್ಳು ಹೇಳ್ದೆ. ಪಾಪ, ಅವರು ನಂಬಿದ್ರು. ಅವರದ್ದೇನೂ ತಪ್ಪಿಲ್ಲ' ಅಂದ್ಲು. ಹೇಳದೇ ಇದ್ದ ಸುಳ್ಳನ್ನ ಹೇಳಿದೀನಿ ಅಂತ ಸುಳ್ಳು ಹೇಳಿದ್ಲು! ಆ ವಿಭಾಗದೋರು ಅದನ್ನ ನಂಬಿ ಆಕೆಗೆ ಶಿಕ್ಷೆ ಕೊಟ್ರು. ಈ ವಿಭಾಗದೋರು ನಿನ್ನ ನಂಬಿ ನಿನಗೆ ಶಿಕ್ಷೆ ಕೊಟ್ರು. ಎದುರು ಮೇಜಿನೋನ ಜೊತೆ ಒಂದು ಮಾತು ಆಡಿದ್ರೆ ಇಬ್ಬರೂ ಉಳೀತಿದ್ರಿ." ಹೆಡ್ ಕ್ಲರ್ಕ್ ನಗುತ್ತಿದ್ದವನು ನಿಲ್ಲಿಸಿದ. "ನಿನ್ನ ವರ್ಗಾವಣೆ ರದ್ದಾದ ಕಾಗದವನ್ನೂ ನಾನೇ ಟೈಪ್ ಮಾಡಿದೆ. ಆಕೆ ಬಾಕಿ ದುಡ್ಡಿಗೆ ಸಹಿ ಹಾಕೋಕೆ ಬಂದಿದ್ಲು. ಮೆಷಿನ್ನಿನಲ್ಲಿದ್ದ ಹಾಳೆ ಓದಿ, 'ಇವರು ಇಲ್ಲಿಗೆ ಬರೋರಿದ್ರಾ?' ಅಂತ ಕೇಳಿದ್ಲು. ಹೂಂ ಅಂದೆ. ಕಂಟ್ರೋಲ್ ರೂಮಿನ ಬಾಗಿಲ ಹತ್ರ ಹೋಗಿ ತುಂಬ ಹೊತ್ತು ನಿಂತಿದ್ಲಯ್ಯಾ. ಯಾರಿಗೂ ಹೇಳ್ಬೇಡಿ ಅಂದಿದ್ಲು. ಇನ್ನು ಯಾರಿಗೆ ಹೇಳ್ಬಾರ್ದು?"

ಗುಡ್ಡಪ್ಪ ಕಿಟಕಿಯ ಹೊರಗೆ ನೋಡಿದ. ಆಕೆ ಮತ್ತೆ ಕೆಲಸಕ್ಕೆ ಬಂದ ಬೆಳಗ್ಗೆ ಅವನಿಗೆ ಮಾತು ಹೊರಡದೆ ಹೋಗಿತ್ತು. ಆಕೆ ಎರಡು ಸಲ ಕರೆದು, ಮೂರನೆಯ ಸಲ, "ಅಲ್ಲೇ ಇದೀರಿ ಅಂತ ಗೊತ್ತು ಬಿಡಿ," ಅಂದಿದ್ದಳು. 'ಅಲ್ಲೇ' ಅನ್ನುವಲ್ಲಿ ದನಿ ಯಾಕೆ ಕುಸಿದಿತ್ತೆಂದು ಅವನಿಗೆ ಅರ್ಥವಾದದ್ದು ಈಗ.

ಸ್ಮಶಾನದ ಕಬ್ಬಿಣದ ಗೇಟು ಅರ್ಧವೇ ತೆರೆಯುತ್ತಿತ್ತು. ಹೊರುವವರಿಗೆ ದಾರಿ ಮಾಡಲು ಗುಡ್ಡಪ್ಪ ಅದನ್ನು ಮೈಯೊಡ್ಡಿ ಹಿಂದಕ್ಕೆ ತಳ್ಳಿ ಹಿಡಿದ. ಎಲ್ಲರೂ ದಾಟಿದ ಮೇಲೆ ಕೈ ಎಳೆದುಕೊಂಡಾಗ ಸರಳಿನ ಮೊನೆಗೆ ಸಿಕ್ಕಿ ಅಂಗಿಯ ತೋಳು ಮೊಣಕೈವರೆಗೂ ಪರ್‍ರೆಂದು ಹರಿಯಿತು. ತೋಳನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಎಲ್ಲರ ಜೊತೆ ಮಣ್ಣು ಹಾಕಿದ. ಯಾರೂ ಮಾತಾಡಲಿಲ್ಲ. ಮಾತಾಡಬೇಕಾದವಳು ಆಕೆಯೇ, ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಆಕೆಗೆ ತಿಳಿಯುತ್ತಿತ್ತು.

ಹಿಂದಿರುಗುವಾಗ ಮಗಳು ಗಾಡಿ ಹತ್ತಲಿಲ್ಲ. "ನಾನು ನಡ್ಕೊಂಡು ಬರ್ತೀನಿ," ಅಂದಳು. ಸ್ವಲ್ಪ ದೂರ ಹೋಗಿ ಹಿಂದಿರುಗಿ ನೋಡಿ, "ನೀವೂ ನಡೀತೀರಾ?" ಎಂದು ಗುಡ್ಡಪ್ಪನನ್ನು ಕೇಳಿದಳು.

ಬೇಲಿಯ ಪಕ್ಕದ ಕಾಲುದಾರಿ ಹಿಡಿದರು.

"ನನಗೆ ರೇಡಿಯೋ ಕಂಡ್ರೆ ಆಗ್ತಿರ್ಲಿಲ್ಲ," ಅಂದಳು ಮಗಳು. "ನಾನು ಏಳೋ ಹೊತ್ತಿಗೆ ಅಮ್ಮ ಮನೇಲಿರ್ತಿರ್ಲಿಲ್ಲ, ಪೆಟ್ಟಿಗೆಯೊಳಗೆ ಇರ್ತಿದ್ಲು. 'ಕೇಳುಗರೆಲ್ಲರಿಗೂ ನಮಸ್ಕಾರ' ಅಂತ. ಎಲ್ಲರಿಗೂ! ಸಂಜೆ ಮನೆಗೆ ಬಂದ್ರೆ ಗಂಟಲು ನೋವು, ಬಿಸಿನೀರು, ಸುಮ್ಮನೆ ಕೂರೋದು. ಊರಿಗೆಲ್ಲ ಹಂಚಿ ಉಳಿದದ್ದು ನಂಗೆ. ಈಗ ನೋಡಿದ್ರೆ ಅದೂ ಇಲ್ಲ. ಅಳಿಸಿದಾರಂತೆ."

"ನಿಮಗೆ ಮೊದಲು ಬಿದ್ದದ್ದು ಕೆಳಗಿನ ಹಲ್ಲು," ಅಂದ ಗುಡ್ಡಪ್ಪ.

"ಏನು?"

"ಕೆಳಗಿನ ಸಾಲು, ಎಡಗಡೆ. ಬ್ರೆಡ್ಡು ಕಚ್ಚೋವಾಗ ಬಿತ್ತು. ಬೀಜ ಹಾಕಿದ್ರೆ ಗಿಡ ಬರುತ್ತೆ ಅಂತ ಕುಂಡದಲ್ಲಿ ಹೂತಿದ್ರಿ. ದಿನಾ ನೀರು ಹಾಕ್ತಿದ್ರಿ."

ಮಗಳು ನಿಂತುಬಿಟ್ಟಳು.

"ಶಾಲೆಗೆ ಸೇರಿಸಿದ ದಿನ ನೀವು ಅಳ್ಲಿಲ್ಲ, ಅವರು ಅತ್ರು. ನಿಮಗೆ ಮಂಗನಬಾವು ಬಂದಾಗ ವಾರ ಪೂರ್ತಿ ಬೇರೇನೂ ಮಾತಿಲ್ಲ, ಎಷ್ಟು ಊದಿದೆ, ಎಷ್ಟು ಇಳಿದಿದೆ. ಒಂದ್ಸಲ ಲೆಕ್ಕದಲ್ಲಿ ಸೊನ್ನೆ ಬಂದಿತ್ತು."

"ಅದನ್ನೂ ಹೇಳಿದ್ಲಾ!" ಲೆಕ್ಕದ ಟೀಚರಿನ ಮುಖದಲ್ಲಿ ಆ ದಿನದ ಮೊದಲ ನಗು ಬಂತು.

"ಹೇಳಿದ್ರು. ಸೊನ್ನೆಗೆ ನೀವು ಕಣ್ಣು ಮೂಗು ಬರೆದು ಮುಖ ಮಾಡಿ ತೋರಿಸಿದ್ರಂತೆ. ಅದನ್ನ ಹೇಳಿ ನಗ್ತಾ ಇರುವಾಗ್ಲೇ ಹೊತ್ತಾಯ್ತು, ಮೈಕ್ ಬಂತು, ಊರಿಗೆಲ್ಲ ನಮಸ್ಕಾರ ಅಂದ್ರು. ಆ ನಮಸ್ಕಾರದಲ್ಲೂ ನಗು ಇತ್ತು. ಊರಿಗೆ ಹೋಗಿದ್ದು ಆಮೇಲಿನ ಮಾತಮ್ಮ. ಅದಕ್ಕೂ ಮುಂಚಿನದೆಲ್ಲ ನಿಂದೇ." ಬಹುವಚನ ಯಾವಾಗ ಜಾರಿತೆಂದು ಅವನಿಗೆ ತಿಳಿಯಲಿಲ್ಲ.

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇನ್ನೂ ಹೇಳಿ," ಅಂದಳು. ಅವನು ಹೇಳುತ್ತಾ ನಡೆದ. ದಾರಿ ಮುಗಿಯುತ್ತಾ ಬಂದಾಗ ಅವಳು ಕೇಳಿದಳು, "ಆಮೇಲೆ ಲೈನು ಏನಾಯ್ತು?"

"ರಾಜಧಾನಿಯೋರು ಗುಡ್ಡದ ಮೇಲೆ ಉಪಗ್ರಹದ ದೊಡ್ಡ ತಟ್ಟೆ ಇಟ್ರು. ಪ್ರಸಾರ ನೇರವಾಗಿ ರಾಜಧಾನಿಯಿಂದಲೇ ಬರೋಕೆ ಶುರುವಾಯ್ತು. ಪೇಟೆಯಿಂದ ಕಳಿಸೋದೇ ಏನೂ ಇಲ್ಲ ಅಂದ್ಮೇಲೆ ಲೈನಿನ ಬಾಡಿಗೆ ದಂಡ ಅಂತ ಕತ್ತರಿಸಿದ್ರು. ಅದೇ ವರ್ಷ ಅವರನ್ನೂ ಬೇಡ ಅಂದ್ರು."

"ಮನೆಗೆ ಫೋನಿತ್ತಲ್ಲ. ಯಾಕೆ ಮಾಡ್ಲಿಲ್ಲ ನೀವು?"

"ಲೈನಿದ್ದಾಗ ಅದು ಡ್ಯೂಟಿ. ಡ್ಯೂಟಿ ಅಂದ್ರೆ ಯಾರೂ ಏನೂ ಕೇಳಲ್ಲ, ನಾನೂ ನನ್ನನ್ನ ಕೇಳ್ಕೋಬೇಕಾಗಿಲ್ಲ. ಫೋನ್ ಮಾಡೋಕೆ ಒಂದು ಕಾರಣ ಬೇಕಲ್ಲಮ್ಮಾ. ಹುಡುಕ್ತಾನೇ ಇದ್ದೆ."

"ಅಮ್ಮ ಬೆಳಗ್ಗೆ ಬೇಗ ಎದ್ದು ಫೋನಿನ ಪಕ್ಕ ಕೂತಿರ್ತಿದ್ಲು," ಅಂದಳು ಮಗಳು. "ಯಾರಿಗೆ ಕಾಯ್ತಿದೀಯ ಅಂದ್ರೆ, ಅಭ್ಯಾಸ ಕಣೇ, ಅಂತಿದ್ಲು."

ಮನೆಯಲ್ಲಿ ಜನ ಚದುರಿದ್ದರು. ಪಕ್ಕದ ಮನೆಯವರು ಕಾಫಿ ಮಾಡಿ ತಂದಿಟ್ಟಿದ್ದರು. ಗುಡ್ಡಪ್ಪ ನಿಂತುಕೊಂಡೇ ಕುಡಿದು, "ನಾನು ಬರ್ತೀನಿ. ಬಸ್ಸಿದೆ," ಅಂದ. ಲೋಟ ಇಡುವಾಗ ಮುಷ್ಟಿ ಸಡಿಲಿ ಹರಿದ ತೋಳು ಜೋತುಬಿತ್ತು.

ಟೈಲರ್ ಅದನ್ನು ನೋಡಿದ. "ಬಿಚ್ಚಿ," ಅಂದ.

"ಬೇಡ ಬೇಡ, ಮನೇಲಿ ನಮ್ಮೋಳು..."

"ಬಿಚ್ಚಿ ಗುಡ್ಡಪ್ಪನೋರೇ. ಟೈಲರ್ ಮನೆಯಿಂದ ಹರಿದ ಅಂಗೀಲಿ ಕಳಿಸಿದ್ರು ಅಂತ ನಿಮ್ಮ ಮನೆಯೋರು ಆಡ್ಕೊಳ್ಳಲ್ವಾ?"

ಗುಡ್ಡಪ್ಪ ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಸಂಕೋಚದಿಂದ ಕೂತ. ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತು ಬಿಳಿ ದಾರದ ಉಂಡೆ ಸಿಕ್ಕಿಸಿದ. ಸೂಜಿಯ ಕಣ್ಣಿಗೆ ದಾರ ತೋರಿಸಿದ. ಹೋಗಲಿಲ್ಲ. ತುದಿ ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ತೋರಿಸಿದ. ಮತ್ತೆ ಹೋಗಲಿಲ್ಲ. ಒಳಕೋಣೆಯ ಕಡೆ ಮುಖ ತಿರುಗಿಸಿ ಕರೆಯಲು ಬಾಯಿ ತೆರೆದವನು ಹಾಗೇ ಉಳಿದ.

ಗುಡ್ಡಪ್ಪ ಎದ್ದು ಬಂದು ಬಗ್ಗಿ ನಿಂತ. ದಾರವನ್ನು ಅವನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ಸೂಜಿಗೆ ಪೋಣಿಸಿದ.

ಟೈಲರ್ ಅವನ ಮುಖ ನೋಡಲಿಲ್ಲ. ಹರಿದ ತೋಳನ್ನು ಸರಿಯಾಗಿ ಜೋಡಿಸಿ, ಅಂಚಿಗೆ ಅಂಚು ಸೇರಿಸಿ, ಕಾಲಿನಿಂದ ಯಂತ್ರ ತುಳಿಯತೊಡಗಿದ. ಜನ ಚದುರಿ ಬಿಕೋ ಅನ್ನುತ್ತಿದ್ದ ಮನೆಯೊಳಗೆ ಯಂತ್ರದ ಸದ್ದು ತುಂಬಿಕೊಂಡಿತು. ಅಂಗಿಯ ಇನ್ನೊಂದು ತೋಳು ಜಾರಿ ನೆಲಕ್ಕೆ ತಾಗುವುದರಲ್ಲಿತ್ತು. ಗುಡ್ಡಪ್ಪ ಅದನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದುಕೊಂಡು ನಿಂತ.